ನೋಟ್ಸ್ ಬರೆಸುವ ತರಗತಿಯಲ್ಲಿ ಥರ್ಮೋಡೈನಮಿಕ್ಸ್ ಕಲಿಯುವುದು ಹೇಗೆ?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಪಿಯುಸಿಯಲ್ಲಿ ರಸಾಯನಶಾಸ್ತ್ರ ನನ್ನ ಅಚ್ಚುಮೆಚ್ಚಿನ ವಿಷಯವಾಗಿತ್ತು. ಈಗ ಭೌತ ರಸಾಯನಶಾಸ್ತ್ರದ ಉಪನ್ಯಾಸಕರು ಹಳೆಯ ನೋಟ್ಸ್ ಓದಿ ಬರೆಸುತ್ತಾರೆ. ಸಮೀಕರಣ ಹೇಗೆ ಬಂತೆಂದು ಕೇಳಿದರೆ ‘ಪರೀಕ್ಷೆಗೆ ಇಷ್ಟು ಸಾಕು’ ಎನ್ನುತ್ತಾರೆ. ಶಾಖ, ಕೆಲಸ, ಶಕ್ತಿಗಳ ಸಂಬಂಧವನ್ನು ಹೇಳುವ ಥರ್ಮೋಡೈನಮಿಕ್ಸ್ ತಲೆಗೆ ಹತ್ತುತ್ತಿಲ್ಲ. ದೂರು ಕೊಡೋಣವೆಂದರೆ ಆಂತರಿಕ ಅಂಕಗಳು ಅವರ ಕೈಯಲ್ಲಿವೆ. ಏನು ಮಾಡಲಿ?
— ಒಬ್ಬ ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಥರ್ಮೋಡೈನಮಿಕ್ಸ್‌ನಲ್ಲಿ ಯಾವ ಸಮೀಕರಣ ಯಾವ ಷರತ್ತಿಗೆ ಒಳಪಟ್ಟು ಸಲ್ಲುತ್ತದೆ ಎಂಬುದೇ ತಿರುಳು. ಅದನ್ನು ಬಿಟ್ಟು ಸಮೀಕರಣವನ್ನಷ್ಟೇ ಬರೆಸಿದರೆ ಪಾಠವಾಗುವುದಿಲ್ಲ. ಆದರೆ ದೂರಿನಿಂದ ಉಪನ್ಯಾಸಕರು ಬದಲಾಗುವ ಹೊತ್ತಿಗೆ ನಿಮ್ಮ ಸೆಮಿಸ್ಟರ್ ಮುಗಿದಿರುತ್ತದೆ. ಆದ್ದರಿಂದ ಮೊದಲು ಕಲಿಕೆಯ ದಾರಿ ನೋಡೋಣ.

‘ಅರ್ಥವಾಗುತ್ತಿಲ್ಲ’ ಎಂಬುದನ್ನು ಲೆಕ್ಕ ಮಾಡಬಹುದಾದ ಒಂದು ಪ್ರಶ್ನೆಯಾಗಿ ಬರೆದುಕೊಳ್ಳಿ. ಉದಾಹರಣೆಗೆ, 298 ಕೆಲ್ವಿನ್‌ನಲ್ಲಿ ಒಂದು ಮೋಲ್ ಆದರ್ಶ ಅನಿಲವು ಉಷ್ಣತೆ ಬದಲಾಗದಂತೆ ಹಿಗ್ಗಿ, ಅದರ ಗಾತ್ರ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಳ್ಳಿ. ಹೊರಗಿನ ಒತ್ತಡವನ್ನು ಚೂರುಚೂರಾಗಿ ಇಳಿಸುತ್ತ ರಿವರ್ಸಿಬಲ್ ಆಗಿ ಹಿಗ್ಗಿಸಿದರೆ ಅನಿಲ ಮಾಡುವ ಕೆಲಸ ಸುಮಾರು 1717 ಜೂಲ್. ಹೊರಗಿನ ಒತ್ತಡವನ್ನು ಒಮ್ಮೆಲೇ ಕೊನೆಯ ಒತ್ತಡಕ್ಕೆ ಇಳಿಸಿದರೆ ಸುಮಾರು 1239 ಜೂಲ್. ನಿರ್ವಾತದೊಳಕ್ಕೆ ಬಿಟ್ಟರೆ ಸೊನ್ನೆ. ಹೀಗಿದ್ದರೂ ಅನಿಲದ ಎಂಟ್ರೋಪಿ (ಶಕ್ತಿ ಎಷ್ಟು ಹರಡಿಕೊಂಡಿದೆ ಎಂಬುದರ ಅಳತೆ) ಮೂರು ಬಾರಿಯೂ ಕೆಲ್ವಿನ್‌ಗೆ 5.76 ಜೂಲ್‌ನಷ್ಟೇ ಹೆಚ್ಚುತ್ತದೆ. ಈ ಮೂರನ್ನೂ ನೀವೇ ಕಾಗದದ ಮೇಲೆ ಮಾಡಿ, ಕೆಲಸವು ದಾರಿಯನ್ನು ಅವಲಂಬಿಸುವಾಗ ಎಂಟ್ರೋಪಿ ಏಕೆ ಅವಲಂಬಿಸುವುದಿಲ್ಲ ಎಂದು ಕೇಳಿಕೊಂಡರೆ, ಹತ್ತು ಪುಟದ ನೋಟ್ಸಿಗಿಂತ ಹೆಚ್ಚು ತಿಳಿಯುತ್ತದೆ.

ಇಂಥ ಲೆಕ್ಕವನ್ನು ಹಿಡಿದು, ತರಗತಿಯ ನಡುವೆ ಅಲ್ಲ, ಸ್ಟಾಫ್ ರೂಮಿನಲ್ಲಿ ಉಪನ್ಯಾಸಕರನ್ನು ಕಾಣಿ. ‘ಸರ್, ಇಲ್ಲಿಯವರೆಗೆ ಬಂತು, ಈ ಹೆಜ್ಜೆ ತಿಳಿಯಲಿಲ್ಲ’ ಎಂದರೆ, ಎಲ್ಲರೆದುರು ಉತ್ತರಿಸಲು ಹಿಂಜರಿಯುವವರೂ ಕೂರಿಸಿಕೊಂಡು ಹೇಳುವುದುಂಟು. ಅವರು ಹೇಳದಿದ್ದರೆ ಅದೇ ಹಾಳೆಯನ್ನು ವಿಭಾಗದ ಇನ್ನೊಬ್ಬರಿಗೆ ತೋರಿಸಬಹುದು.

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟಿಇಎಲ್‌ನ ಉಪನ್ಯಾಸಗಳು ಉಚಿತವಾಗಿ ಲಭ್ಯವಿವೆ. ಇಂಗ್ಲಿಷಿನ ವೇಗ ಕಷ್ಟವೆನಿಸಿದರೆ, ಹಲವು ಕೋರ್ಸುಗಳಿಗೆ ಉಪನ್ಯಾಸದ ಅಕ್ಷರರೂಪವೂ ಸಿಗುತ್ತದೆ. ನೋಡುತ್ತ ಕುಳಿತರೆ ಎಲ್ಲವೂ ತಿಳಿದಂತೆ ಭಾಸವಾಗುವುದು ಸಹಜ. ಲೆಕ್ಕ ಬಂದಾಗ ವಿಡಿಯೋ ನಿಲ್ಲಿಸಿ, ಉತ್ತರ ನೋಡುವ ಮೊದಲು ನೀವೇ ಮಾಡಿ. ಇನ್ನೊಂದು ಮಾತು: ಈ ಘಟ್ಟದಲ್ಲಿ ಅನೇಕರನ್ನು ತಡೆಯುವುದು ರಸಾಯನಶಾಸ್ತ್ರವಲ್ಲ, ಆಂಶಿಕ ಅವಕಲನ (ಪಾರ್ಷಿಯಲ್ ಡಿಫರೆನ್ಷಿಯೇಷನ್), ಅಂದರೆ ಹಲವು ಪರಿಮಾಣಗಳಲ್ಲಿ ಒಂದನ್ನು ಮಾತ್ರ ಬದಲಿಸಿ, ಉಳಿದವನ್ನು ಸ್ಥಿರವಾಗಿಟ್ಟು ಬದಲಾವಣೆಯ ದರ ಕಾಣುವ ಗಣಿತ. ಗಣಿತದ ಉಪನ್ಯಾಸಕರಲ್ಲಿ ಅದನ್ನು ಬೇಗ ಹೇಳಿಸಿಕೊಳ್ಳಿ.

ಇನ್ನು ದೂರಿನ ವಿಷಯ. ಒಬ್ಬರೇ ಹೋಗಬೇಡಿ, ತರಗತಿಯ ಹಲವರು ಸಹಿ ಮಾಡಿದ ಪತ್ರವನ್ನು ಮೊದಲು ವಿಭಾಗದ ಮುಖ್ಯಸ್ಥರಿಗೆ ಕೊಡಿ. ‘ಪಾಠ ಚೆನ್ನಾಗಿಲ್ಲ’ ಎಂದು ಬರೆಯದೆ, ಯಾವ ಘಟಕಗಳಲ್ಲಿ ಲೆಕ್ಕ ಮಾಡಿಸಿಲ್ಲ ಎಂಬುದನ್ನು ತಿಳಿಸಿ, ವಾರಕ್ಕೊಂದು ಲೆಕ್ಕದ ತರಗತಿ ಬೇಕೆಂದು ಕೇಳಿ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆ ಕಾಲೇಜಿಗೆ ಇದ್ದರೆ ಆಂತರಿಕ ಗುಣಮಟ್ಟ ಖಾತರಿ ಕೋಶ ಇರುತ್ತದೆ. ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿದಾಗ ಅಲ್ಲಿಯೂ ಇದನ್ನೇ ಬರೆಯಿರಿ. ಪತ್ರದ ಒಂದು ಪ್ರತಿಯನ್ನೂ ಮೌಲ್ಯಮಾಪನವಾದ ಟೆಸ್ಟ್ ಪುಸ್ತಿಕೆಗಳನ್ನೂ ಜೋಪಾನವಾಗಿಡಿ. ಆಂತರಿಕ ಅಂಕಗಳಲ್ಲಿ ವ್ಯತ್ಯಾಸ ಕಂಡರೆ ಪ್ರಾಂಶುಪಾಲರ ಮುಂದಿಡಲು ಅವು ಬೇಕಾಗುತ್ತವೆ.