ಹೋಗುತ್ತೇನೆ, ಹೋಗುವೆನು, ಹೋಗಲಿದ್ದೇನೆ: ಮುಂದಿನ ಯೋಜನೆಗೆ ಯಾವ ರೂಪ?

ಮಾನ್ಯರೇ, ‘ಮುಂದಿನ ವಾರ ಧಾರವಾಡಕ್ಕೆ ಹೋಗುತ್ತೇನೆ’ ಎಂಬ ನಿಮ್ಮ ವಾಕ್ಯವನ್ನು ಸ್ನೇಹಿತರೊಬ್ಬರು ‘ಹೋಗುವೆನು’ ಎಂದು ತಿದ್ದಿದರೆಂದೂ ಇವುಗಳಲ್ಲಿ ಯಾವುದು ಸರಿಯೆಂದೂ ಕೇಳಿದ್ದೀರಿ. ನಿಮ್ಮ ವಾಕ್ಯ ತಪ್ಪಲ್ಲ. ಶಾಲೆಯ ವ್ಯಾಕರಣವು ‘ಉತ್ತ’ವನ್ನು ವರ್ತಮಾನಕಾಲದ, ‘ವ’ ಅಥವಾ ‘ಉವ’ವನ್ನು ಭವಿಷ್ಯತ್ಕಾಲದ ಪ್ರತ್ಯಯವೆಂದು ಕಲಿಸುವುದು ನಿಜವಾದರೂ, ಇಂದಿನ ಕನ್ನಡದಲ್ಲಿ ‘ಉತ್ತ’ ರೂಪವೇ ರೂಢಿಯ ಕೆಲಸವನ್ನೂ ಮುಂದೆ ನಡೆಯುವುದನ್ನೂ ಹೇಳುತ್ತದೆ. ಕಾಲವನ್ನು ಗೊತ್ತುಮಾಡುವುದು ‘ದಿನಾ’, ‘ನಾಳೆ’ಯಂಥ ಪದಗಳು. ಎರಡು ರೂಪಗಳಿಗೂ ನಿಷೇಧ ‘ಹೋಗುವುದಿಲ್ಲ’ ಎಂಬ ಒಂದೇ ಆಗಿರುವುದನ್ನೂ ಗಮನಿಸಿ. ‘ವೆನು’, ‘ವರು’ ರೂಪಗಳು ಕಾವ್ಯಕ್ಕೂ ಆಮಂತ್ರಣ ಪತ್ರಿಕೆಗೂ ಒಗ್ಗುತ್ತವೆ: ‘ಅಧ್ಯಕ್ಷತೆ ವಹಿಸುವರು’ ಎಂದು ಅಚ್ಚಾದರೆ ಚೆನ್ನ, ಆದರೆ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ‘ಸಂಜೆ ಬರುವೆನು’ ಎಂದರೆ ಮನೆಯವರು ನಾಟಕದ ತಾಲೀಮು ಎಂದುಕೊಂಡಾರು.

ನಿಜವಾದ ಆಯ್ಕೆ ಇರುವುದು ಯೋಜನೆ ಎಷ್ಟು ಗಟ್ಟಿ ಎಂಬುದರಲ್ಲಿ. ಮನಸ್ಸಿನಲ್ಲಷ್ಟೇ ಇದ್ದರೆ ‘ಹೋಗಬೇಕೆಂದಿದ್ದೇನೆ’. ರೈಲಿನ ಟಿಕೆಟ್ ಕೈಗೆ ಬಂದು ದಿನ ನಿಶ್ಚಯವಾಗಿದ್ದರೆ ಬರಹದಲ್ಲಿ ‘ಹೋಗಲಿದ್ದೇನೆ’, ಮಾತಿನಲ್ಲಿ ‘ಹೋಗ್ತಿದ್ದೀನಿ’. ಖಚಿತವಿಲ್ಲದಿದ್ದರೆ ‘ಹೋದರೂ ಹೋದೇನು’. ಈ ಕೊನೆಯದು, ಮೇಲೆ ನಾನೇ ಬಳಸಿದ ‘ಎಂದುಕೊಂಡಾರು’ವಿನಂತೆ, ಭೂತಕಾಲದ ಹಾಗೆ ಕಂಡರೂ ಸಂಭಾವನಾರ್ಥಕ ರೂಪ, ಅಂದರೆ ‘ಹೀಗಾಗಬಹುದು’ ಎಂಬ ಊಹೆಯನ್ನು ಹೇಳುವಂಥದು. ಅಲ್ಲಿನ ದೀರ್ಘವನ್ನು ಮಾತ್ರ ಕೈಬಿಡಬೇಡಿ. ‘ಹೋದೆನು’ ಎಂದು ಬರೆದರೆ ಹೊರಡುವ ಮೊದಲೇ ಪ್ರಯಾಣ ಮುಗಿದಿರುತ್ತದೆ.