ನಿನ್ನ ತಾಯಿ ಕೊಟ್ಟ ಚೀಲ ನನ್ನ ಹತ್ತಿರ ಇದೆ

ತಮ್ಮಾ,

ನಿನ್ನ ಮೆಸೇಜು ಬಂದಾಗ ನಾನು ಇಂಗ್ಲೆಂಡಿನಿಂದ ರಜೆಗೆ ಬಂದು ಆಳಂದ ಕಡೆಯ ನಮ್ಮ ಹೊಲದಲ್ಲಿ ಕೂತಿದ್ದೆ. ಕೈಗೆಲ್ಲ ಭಜ್ಜಿ ಪಲ್ಯ ಮೆತ್ತಿತ್ತು. ಮೊನ್ನೆ ಶುಕ್ರವಾರ, 2025ರ ಡಿಸೆಂಬರ್ 19ಕ್ಕೆ, ಎಳ್ಳಮಾಸಿ, ಅದೇ ಎಳ್ಳು ಅಮಾವಾಸ್ಯೆ, ಇತ್ತಲ್ಲ. ರಾತ್ರಿ ಮನೆಗೆ ಬಂದು ಓದಿದೆ, ಆಮೇಲೆ ಎರಡು ಸಲ ಓದಿದೆ.

ನೀನು ಕೇಳಿದ್ದು ಇಷ್ಟು. "ಸೆಪ್ಟೆಂಬರ್‌ನಲ್ಲಿ ಓದಲು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದೆ. ವರ್ಷ ಮುಗಿಯುತ್ತಾ ಬಂತು. ಗೆಳೆಯರೆಲ್ಲ ಈ ವರ್ಷ ಏನೇನು ಸಾಧಿಸಿದೆವು ಅಂತ ಬರೆದು ಹಾಕುತ್ತಿದ್ದಾರೆ, ನನಗೆ ಮಾತ್ರ ಬೆಳೆದ ಹಾಗಿಲ್ಲ, ಕುಗ್ಗಿದ ಹಾಗೆ ಅನ್ನಿಸುತ್ತದೆ. ಊರಿಂದ ಜಾತ್ರೆ ಪಟ್ಟಿ (ಚಂದಾ) ಕೇಳುತ್ತಿದ್ದಾರೆ, ಮಾವನ ಮಗಳ ಮದುವೆಗೆ ಕೇಳುತ್ತಿದ್ದಾರೆ. ಇಲ್ಲ ಅಂದರೆ ದೊಡ್ಡವನಾದ ಅಂತಾರೆ. ಎಷ್ಟು ಕೊಡಬೇಕು ಅಕ್ಕಾ? ಕೊಡದಿದ್ದರೆ ನಾನು ಸ್ವಾರ್ಥಿನಾ?"

ಮೊದಲು ಪಟ್ಟಿ ವಿಷಯ ಮುಗಿಸೋಣ, ಅದು ಸುಲಭ. ಈ ವರ್ಷ ನೀನು ಕೊಡಬೇಕಾದದ್ದು ಸೊನ್ನೆ. ಓದು ನಡೆಯುವಾಗ ನಿನ್ನ ವೀಸಾಕ್ಕೆ ವಾರಕ್ಕೆ 20 ಗಂಟೆ ಕೆಲಸ. ಗಂಟೆಗೆ 2025ರ ಕನಿಷ್ಠ ಕೂಲಿ 12.21 ಪೌಂಡ್ ಅಂತ ಹಿಡಿದರೆ ವಾರಕ್ಕೆ 244 ಪೌಂಡ್. ಊರಲ್ಲಿ ಅದನ್ನು ರೂಪಾಯಿ ಮಾಡಿ ನೋಡುತ್ತಾರೆ, ಹೆಚ್ಚುಕಮ್ಮಿ 28-29 ಸಾವಿರ! ವಾರಕ್ಕೆ! ಅವರ ತಪ್ಪಲ್ಲ. ಬಾಡಿಗೆಯನ್ನು ಮಾತ್ರ ಯಾರೂ ರೂಪಾಯಿ ಮಾಡಿ ನೋಡುವುದಿಲ್ಲ, ಅಷ್ಟೇ. ನಿನ್ನ ಅಪ್ಪ ಬ್ಯಾಂಕಿನಲ್ಲಿ ಸಾಲ ಎತ್ತಿ ಕಳಿಸಿದ್ದಾರೆ. ಆ ಸಾಲ ಇರುವಾಗ ನೀನು ಪಟ್ಟಿ ಕೊಟ್ಟರೆ ಅದು ನಿನ್ನ ರೊಕ್ಕ ಅಲ್ಲ, ಅಪ್ಪನ ರೊಕ್ಕ. ಹೆಸರು ಮಾತ್ರ ನಿನ್ನದು. "ಈ ವರ್ಷ ಆಗೋದಿಲ್ಲ ಕಾಕಾ" ಅಂತ ಒಂದೇ ಸಲ ಹೇಳು. ಕಾರಣ ವಿವರಿಸಬೇಡ. ವಿವರಿಸಿದಷ್ಟು ಮಾತು ಬೆಳೆಯುತ್ತದೆ. ಹೆಚ್ಚಿಗೆ ಗಂಟೆ ದುಡಿದು ಕೊಡುತ್ತೇನೆ ಅನ್ನುವ ಹುಚ್ಚು ಕೆಲಸವಂತೂ ಬೇಡವೇ ಬೇಡ. ವೀಸಾ ಹೋದರೆ ಜಾತ್ರೆಯವರು ಬಂದು ಕೊಡಿಸುವುದಿಲ್ಲ.

ಇನ್ನೊಂದು ಸಣ್ಣ ಮಾತು. ಅಲ್ಲಿ ದಾನ ಕೊಡುವಾಗ ಗಿಫ್ಟ್ ಏಡ್ ಅಂತ ಒಂದು ಟಿಕ್ ಹಾಕಿಸುತ್ತಾರೆ. ತೆರಿಗೆ ಕಟ್ಟುವವರು ಹಾಕಿದರೆ 1 ಪೌಂಡಿಗೆ ಇನ್ನೂ 25 ಪೆನ್ಸ್ ಸರ್ಕಾರದಿಂದ ಆ ಸಂಸ್ಥೆಗೆ ಹೋಗುತ್ತದೆ. ನೀನು ಹಾಕಬೇಡ. ವರ್ಷಕ್ಕೆ 12,570 ಪೌಂಡ್ ತನಕ ಆದಾಯ ತೆರಿಗೆ ಇಲ್ಲ, ಬರುವ ಏಪ್ರಿಲ್ 5ರೊಳಗೆ ನೀನು ಅಷ್ಟು ದುಡಿದಿರುವುದಿಲ್ಲ. ಕಟ್ಟದ ತೆರಿಗೆಯ ಮೇಲೆ ಟಿಕ್ ಹಾಕಿದರೆ ಆ ವ್ಯತ್ಯಾಸ ನಿನ್ನಿಂದಲೇ ಕೇಳಬಹುದು. ಪುಣ್ಯ ಮಾಡಲು ಹೋಗಿ ನೋಟಿಸು ಬರಬಾರದು ಅಲ್ವಾ?

ಈಗ ಎರಡನೆಯದು. ಬೆಳೆದೆನಾ, ಕುಗ್ಗಿದೆನಾ.

ನನ್ನ ಮೊದಲ ಡಿಸೆಂಬರ್ ಹೇಳುತ್ತೇನೆ. 2017. ಬರ್ಮಿಂಗ್‌ಹ್ಯಾಮ್‌ಗೆ ನರ್ಸ್ ಆಗಿ ಬಂದು ಎರಡು ತಿಂಗಳಾಗಿತ್ತು. ಅಲ್ಲಿ ನರ್ಸ್ ಅಂತ ನೋಂದಣಿ ಆಗಬೇಕಾದರೆ ಆಸ್ಕಿ ಅಂತ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ನಾನು ಫೇಲಾದೆ. ಕಲಬುರಗಿಯಲ್ಲಿ ಆರು ವರ್ಷ ವಾರ್ಡ್ ನೋಡಿಕೊಂಡವಳು, ಬ್ಲಡ್ ಪ್ರೆಶರ್ ನೋಡುವ ಮುಂಚೆ ರೋಗಿಯ ಹೆಸರು, ಹುಟ್ಟಿದ ದಿನ ಕೇಳಲು ಮರೆತು ಫೇಲಾದೆ! ಅದೇ ತಿಂಗಳು ಸಂಬಳದ ಲೆಕ್ಕದಲ್ಲಿ ಎಲ್ಲೋ ತಪ್ಪಾಗಿ ನನ್ನ ರೊಕ್ಕ ಬರಲಿಲ್ಲ. ಡಿಸೆಂಬರ್ 10, ಭಾನುವಾರ, ಹಿಮ ಬಿತ್ತು. ನನ್ನ ಹತ್ತಿರ ಇದ್ದದ್ದು ಸೂಪರ್ ಮಾರ್ಕೆಟ್‌ನಲ್ಲಿ, ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ, ಕೊಂಡ ಸ್ವೆಟರ್. ಜೊತೆಯಲ್ಲಿ ಕೆಲಸ ಮಾಡುವ ಒಬ್ಬ ಫಿಲಿಪಿನೋ ಹೆಂಗಸು ತನ್ನ ಹಳೇ ಕೋಟು ತಂದು ನನ್ನ ಲಾಕರ್‌ಗೆ ಸಿಕ್ಕಿಸಿ ಹೋಗಿದ್ದಳು. ನಾನೇನು ಮಾಡಿದೆ ಗೊತ್ತಾ? ವಾಪಸ್ ಅವಳ ಲಾಕರ್‌ಗೆ ಸಿಕ್ಕಿಸಿ ಬಂದೆ. ಮರುದಿನ ಮತ್ತೆ ನನ್ನ ಲಾಕರ್‌ಗೆ ಬಂತು. ಮೂರು ದಿನ ಆ ಕೋಟು ಹೋಗಿ ಬಂದು ಮಾಡಿತು. ನಾಲ್ಕನೇ ದಿನ ಚಳಿಗೆ ನಾನೇ ಸೋತು ಹಾಕಿಕೊಂಡೆ. ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳಲಿಲ್ಲ, ನಾಚಿಕೆ.

ಅದೇ ವಾರ ಪಕ್ಕದ ಮನೆಯ ಪಂಜಾಬಿ ಅಜ್ಜಿ ಸ್ಮೆತ್ವಿಕ್‌ನ ಗುರುದ್ವಾರಕ್ಕೆ ಕರೆದುಕೊಂಡು ಹೋದಳು. ಲಂಗರ್‌ನಲ್ಲಿ, ಎಲ್ಲರಿಗೂ ಪುಕ್ಕಟೆ ಊಟ ಬಡಿಸುವಲ್ಲಿ, ಸಾಲಾಗಿ ಕೂತೆವು. ತಟ್ಟೆಗೆ ರೊಟ್ಟಿ ಬಿತ್ತು, ದಾಲ್ ಬಿತ್ತು. ನನಗೆ ಗಂಟಲಲ್ಲಿ ಇಳಿಯಲೇ ಇಲ್ಲ. ಈ ಊರಿಗೆ ಬಂದು ಬೇಡಿ ಉಣ್ಣುವ ಹಾಗಾಯಿತಲ್ಲ ಅಂತ ಕಣ್ಣೀರು.

ಆಮೇಲೆ ನೆನಪಾಯಿತು. ಸಣ್ಣವಳಿದ್ದಾಗ ಬೀದರ್‌ನ ನಾನಕ್ ಝೀರಾ ಗುರುದ್ವಾರಕ್ಕೆ ಎಷ್ಟು ಸಲ ಹೋಗಿಲ್ಲ! ಝರಿ ನೀರು ಕುಡಿದು, ಲಂಗರ್‌ನಲ್ಲಿ ಉಂಡು, ಇನ್ನೊಂದು ರೊಟ್ಟಿ ಹಾಕಿ ಅಂತ ಕೈ ಚಾಚಿ ಕೇಳಿದವಳು ನಾನು. ಆಗ ಬಾಯಲ್ಲಿ ಪ್ರಸಾದ, ಈಗ ಭಿಕ್ಷೆ. ದಾಲ್ ಅದೇ. (ಆ ಅಜ್ಜಿಗೆ ಬೀದರ್ ಗೊತ್ತಿತ್ತು. ಸಿಖ್ಖರು ಪೂಜ್ಯರೆನ್ನುವ ಐವರು ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ನಾನು ಕಲಬುರಗಿಯವಳು, ಬೀದರ್ ಪಕ್ಕದ್ದೇ ಅಂದಾಗ ಆಕೆ ನನ್ನ ತಲೆ ಸವರಿದ್ದು ನೋಡಬೇಕಿತ್ತು. ಅಲ್ಲಿಯವರೆಗೂ ಆಂಧ್ರದವಳು ಅಂದುಕೊಂಡಿದ್ದಳು.)

ಅಂದರೆ ನನಗೆ ಕೊಡುವುದು ಗೊತ್ತಿತ್ತು, ಇಸ್ಕೊಳ್ಳುವುದು ಗೊತ್ತಿರಲಿಲ್ಲ. ಇದು ನನಗೆ ತಿಳಿದದ್ದು ಆವತ್ತಲ್ಲ. ಇನ್ನೂ ನಾಲ್ಕು ವರ್ಷ ಹಿಡಿಯಿತು.

ಸಂಬಳ ಸರಿಯಾದ ಮೇಲೆ ಕಳಿಸಲು ಶುರು ಮಾಡಿದೆ. ಒಂದು ನೋಟ್‌ಬುಕ್ ಇಟ್ಟಿದ್ದೆ. ನನ್ನ ತಮ್ಮನ ಕಾಲೇಜು ಫೀ, ಬೋರ್‌ವೆಲ್ ಮೋಟಾರು, ಅಪ್ಪನ ಕಣ್ಣಿನ ಆಪರೇಷನ್, ಗುಡಿಗೆ ಗಂಟೆ. ತಾರೀಖು, ಪೌಂಡು, ರೂಪಾಯಿ, ಎಲ್ಲ ಗೆರೆ ಎಳೆದು ಬರೆದದ್ದು. ಡಿಸೆಂಬರ್ 31ರ ರಾತ್ರಿ ಹೊರಗೆ ಪಟಾಕಿ, ಒಳಗೆ ನಾನು ಮೊತ್ತ ಕೂಡಿಸುತ್ತಾ ಕೂತಿರುತ್ತಿದ್ದೆ. ಮೊತ್ತ ಹೋದ ವರ್ಷಕ್ಕಿಂತ ಜಾಸ್ತಿ ಆದರೆ ನಾನು ಬೆಳೆದೆ. ನಿನ್ನ ಗೆಳೆಯರು ಬರೆದು ಹಾಕುತ್ತಾರಲ್ಲ, ನನ್ನದೂ ಹಾಗೇ ಇತ್ತು, ಯಾರಿಗೂ ತೋರಿಸುತ್ತಿರಲಿಲ್ಲ ಅಷ್ಟೇ.

ಕ್ರಿಸ್‌ಮಸ್ ದಿನ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ರಜಾದಿನಕ್ಕೆ ನಮ್ಮ ದರ್ಜೆಯವರಿಗೆ ಶೇಕಡಾ 60 ಜಾಸ್ತಿ ಸಂಬಳ. ಅಲ್ಲಿನವರು "ಎಷ್ಟು ಒಳ್ಳೆಯವಳು, ಮಕ್ಕಳಿರುವವರಿಗೆ ರಜೆ ಬಿಟ್ಟುಕೊಡುತ್ತಾಳೆ" ಅನ್ನುತ್ತಿದ್ದರು. ನಾನು ಸುಮ್ನೆ ನಗುತ್ತಿದ್ದೆ. ಆ 60 ನನ್ನ ನೋಟ್‌ಬುಕ್ಕಿಗೆ ಹೋಗುತ್ತಿತ್ತು.

ಊರಿಗೆ ಬಂದಾಗ ಅವ್ವ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕುಟ್ಟಿ ಇಡುತ್ತಿದ್ದಳು. ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ನಾನು "ಬೇಡ ಅವ್ವಾ, ಅಲ್ಲಿ ಎಲ್ಲಾ ಸಿಗ್ತದ" ಅನ್ನುತ್ತಿದ್ದೆ. ಬ್ಯಾಗಿನ ತೂಕ 23 ಕಿಲೋ ದಾಟುತ್ತದೆ ಅನ್ನುತ್ತಿದ್ದೆ. ಅವಳಿಗೆ ತೊಂದರೆ ಕೊಡಬಾರದು ಅನ್ನುವ ಒಳ್ಳೇ ಬುದ್ಧಿ ಅಂತಲೇ ತಿಳಿದಿದ್ದೆ.

ಕೋವಿಡ್ ಮುಗಿದ ಮೇಲೆ ಬಂದಾಗ, ಅದೂ ಎಳ್ಳಮಾಸಿ ಹೊತ್ತಿಗೇ, ಮತ್ತೆ ಬೇಡ ಅಂದೆ. ಅವ್ವ ರೊಟ್ಟಿ ಗಂಟು ಕೆಳಗಿಟ್ಟಳು. "ಅಲ್ಲವ್ವಾ, ನಾವು ನಿನಗ ಏನೂ ಕೊಡಬಾರ್ದೇನು? ಬರೀ ಇಸ್ಕೊಳ್ಳೋರೇನು ನಾವು?" ಅಂದಳು. ಜೋರಾಗಿ ಅಲ್ಲ. ಅಷ್ಟು ಹೇಳಿ ಒಲೆ ಕಡೆ ಹೋದಳು.

ಅಪ್ಪನೂ ಅಲ್ಲೇ ಇದ್ದರು. ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ ಆಯಿತು.

ಲಂಡನ್‌ಗೆ ಹೋದರೆ ನಾವೆಲ್ಲ ಥೇಮ್ಸ್ ದಂಡೆಯ ಬಸವಣ್ಣನ ಮೂರ್ತಿ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. ನೀನೂ ಹೋಗುತ್ತೀಯ. 2015ರ ನವೆಂಬರ್ 14ಕ್ಕೆ ಅನಾವರಣ ಆದದ್ದು. ಅದಕ್ಕಾಗಿ ಓಡಾಡಿದ ನೀರಜ್ ಪಾಟೀಲ್ ನಮ್ಮ ಕಲಬುರಗಿಯವರೇ, ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ನಾನೂ ಫೋಟೋ ತೆಗೆದು ಮನೆಗೆ ಕಳಿಸಿದ್ದೆ. ದಾಸೋಹ ಅನ್ನುವ ಮಾತು ಕಲಬುರಗಿಯ ಶರಣಬಸಪ್ಪನ ಗುಡಿಯ ಪ್ರಸಾದದ ಜೊತೆಗೇ ಕಿವಿಗೆ ಬಿದ್ದದ್ದು ನಮಗೆ. ಕೊಡುವವನು ದಾಸ, ಉಣ್ಣುವವನು ದೊಡ್ಡವನು ಅಂತ ಅಲ್ವಾ ಅದರ ಅರ್ಥ? ನನ್ನ ನೋಟ್‌ಬುಕ್ಕಿನಲ್ಲಿ ಅದು ಉಲ್ಟಾ ಆಗಿತ್ತು. ಕೊಟ್ಟವಳು ದೊಡ್ಡವಳು, ಇಸ್ಕೊಂಡವರು ಸಾಲಗಾರರು.

ನೋಟ್‌ಬುಕ್ ಎಸೆಯಲಿಲ್ಲ. ಎಸೆದೆ ಅಂದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ಲೆಕ್ಕ ಇಡುವುದು ನನ್ನ ರಕ್ತದಲ್ಲೇ ಇದೆ. ಎಡಗಡೆ ಹಾಳೆ ಖಾಲಿ ಇತ್ತು, ಅದರಲ್ಲಿ ಇಸ್ಕೊಂಡದ್ದು ಬರೆಯಲು ಶುರು ಮಾಡಿದೆ. ಮೊದಲು ಕೋಟು. ಆಮೇಲೆ ಲಂಗರ್ ಊಟ. ಎರಡನೇ ಸಲ ಆಸ್ಕಿಗೆ ಕೂರುವ ಮುಂಚೆ ಅದೇ ಫಿಲಿಪಿನೋ ಹೆಂಗಸು ಹನ್ನೆರಡು ತಾಸಿನ ಡ್ಯೂಟಿ ಮುಗಿಸಿ, ದಿಂಬನ್ನೇ ರೋಗಿ ಮಾಡಿ, ಎಂಟು ಸಂಜೆ ನನಗೆ ಅಭ್ಯಾಸ ಮಾಡಿಸಿದಳು. ಅದನ್ನು ಎಷ್ಟು ಪೌಂಡ್ ಅಂತ ಬರೆಯಲಿ? ಅವಳು ಈಗ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಳೆ, ವಾಪಸ್ ಕೊಡಲು ಕೈಗೆ ಸಿಗುವುದಿಲ್ಲ. ಹೊಸದಾಗಿ ಬಂದ ಕೇರಳದ ಹುಡುಗಿಯರಿಗೆ, ನೈಜೀರಿಯಾದವರಿಗೆ ಈಗ ನಾನು ದಿಂಬು ಹಿಡಿದು ಕೂರುತ್ತೇನೆ. ಹುಟ್ಟಿದ ದಿನ ಕೇಳು, ಹುಟ್ಟಿದ ದಿನ ಕೇಳು ಅಂತ ತಲೆ ತಿನ್ನುತ್ತೇನೆ.

ನಿನ್ನ ಮೂರು ತಿಂಗಳಲ್ಲಿ ಎಡಗಡೆ ಹಾಳೆಗೆ ಏನೂ ಇಲ್ಲವಾ? ರೂಮಿನ ಹುಡುಗರು ಮೊದಲ ರಾತ್ರಿ ಯಾರ ಹಾಸಿಗೆ ಕೊಟ್ಟರು? ಕೆಲಸಕ್ಕೆ ಯಾರು ಹೆಸರು ಹೇಳಿದರು?

ಕುಗ್ಗಿದ ಹಾಗೆ ಅನ್ನಿಸುವುದಕ್ಕೆ ಅರ್ಧ ಕಾರಣ ಆ ಊರಿನ ಕತ್ತಲೆ. ಸಂಜೆ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೋ, ಚಳಿಗಾಲಕ್ಕೆ ಅಲ್ಲಿನ ಸರ್ಕಾರವೇ ಹೇಳುತ್ತದೆ. ಮಧ್ಯಾಹ್ನ ಹೊರಗೆ ನಡಿ. ಇವತ್ತು 21, ವರ್ಷದ ಅತಿ ಸಣ್ಣ ಹಗಲು. ನಾಳೆಯಿಂದ ಚೂರುಚೂರು ಉದ್ದ ಆಗುತ್ತದೆ.

ಎಳ್ಳಮಾಸಿ ಹೇಗಾಯಿತು ಅಂತ ಕೇಳಿದ್ದೀಯಲ್ಲ, ಹೇಳುತ್ತೇನೆ. ಈ ವರ್ಷ ನಮ್ಮ ಕಡೆ ಮಳೆ ಬಿಡಲೇ ಇಲ್ಲ, ಸೆಪ್ಟೆಂಬರ್‌ನಲ್ಲಿ ಭೀಮಾ ತುಂಬಿ ಹರಿಯಿತು. ನಮ್ಮ ಊರು ನದಿಯಿಂದ ದೂರ, ಆದರೂ ಹೊಲದಲ್ಲಿ ನೀರು ನಿಂತು ಅರ್ಧ ತೊಗರಿ ಒಣಗಿ ಕಡ್ಡಿ ಆಗಿದೆ. ಜೋಳ ತಡವಾಗಿ ಬಿತ್ತಿದ್ದು, ಮೊಣಕಾಲೆತ್ತರ ಬಂದಿದೆ. ಈ ಸಲ ಅಡುಗೆ ಸ್ವಲ್ಪ ಕಡಿಮೆ ಮಾಡಬಹುದು ಅಂತ ನಾನು ಅಂದುಕೊಂಡಿದ್ದೆ. ಎಲ್ಲಿ! ಸಜ್ಜೆ ರೊಟ್ಟಿ, ಉಂಡಗಡಬು, ಶೇಂಗಾ ಹೋಳಿಗೆ, ಅಂಬಲಿ, ಸಿಕ್ಕ ಕಾಳು ಸೊಪ್ಪೆಲ್ಲ ಹಾಕಿದ ಭಜ್ಜಿ. ಟ್ರ್ಯಾಕ್ಟರ್ ತುಂಬ ಮಂದಿ. ಹೊಲ ಇಲ್ಲದ ನಾಲ್ಕು ಮನೆಯವರನ್ನು ಅವ್ವ ವಾರದ ಹಿಂದೆಯೇ ಕರೆದಿದ್ದಳು.

ಸುಣ್ಣ ಹಚ್ಚಿದ ಐದು ಕಲ್ಲು ಪಾಂಡವರಿಗೆ ಪೂಜೆ ಆಯಿತು. ಆಮೇಲೆ ಚರಗ, ಎಡೆಯ ಅಡುಗೆಯನ್ನು ಹೊಲಕ್ಕೆಲ್ಲ ಚೆಲ್ಲುವುದು. ಅಪ್ಪನಿಗೆ ಈಗ ಮೊಣಕಾಲು ನೋವು, ಚರಗದ ಪಾತ್ರೆ ನನ್ನ ಕೈಗೆ ಕೊಟ್ಟರು. ನನ್ನ ತಮ್ಮ ಹಿಂದಿನಿಂದ ನೀರು ಚಿಮುಕಿಸುತ್ತಾ ಬಂದ. ನಾನು ಹಸಿರಾಗಿದ್ದ ಕಡೆ ಮಾತ್ರ ಚೆಲ್ಲುತ್ತಾ ಹೋಗುತ್ತಿದ್ದೆ. ಒಣಗಿದ ತೊಗರಿಯ ಹತ್ತಿರ ಕೈ ತಡೆಯಿತು. ಅಪ್ಪ ಬದುವಿನ ಮೇಲಿಂದ ಕೂಗಿದರು, "ಆ ಕಡೀನೂ ಚೆಲ್ಲು, ಹಕ್ಕಿ ಅಲ್ಲೇ ಜಾಸ್ತಿ ಕೂಡ್ತಾವ." ಹೋಗಿ ಚೆಲ್ಲಿದೆ.

ಈಗ ನಿನ್ನ ಚೀಲದ ವಿಷಯ. ನಿನ್ನೆ ನಿನ್ನ ತಾಯಿ ಚಿತ್ತಾಪುರದಿಂದ ಬಸ್ಸಿಗೆ ಕಲಬುರಗಿಗೆ ಬಂದಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೆವು. "ಅವನು ಏನೂ ಬ್ಯಾಡ ಅಂದಾನ, ಆದ್ರೂ ತಂದೀನಿ, ನೀನು ಬ್ಯಾಡ ಅನ್ಬ್ಯಾಡವ್ವಾ" ಅಂದರು. ಖಡಕ್ ರೊಟ್ಟಿ ಐವತ್ತರ ಮೇಲಿದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಸ್ಟೀಲ್ ಡಬ್ಬಿ ತುಂಬ ಎಳ್ಳಿನ ಉಂಡೆ, ತೊಗರಿಬೇಳೆ ಎರಡು ಕಿಲೋ. ಬೇಳೆ ನಿಮ್ಮ ಹೊಲದ್ದೇ, ಹೋದ ವರ್ಷದ್ದು. ತುಪ್ಪದ ಬಾಟಲಿ ಮಾತ್ರ ವಾಪಸ್ ಕೊಟ್ಟೆ. ಹಾಲಿನ ಪದಾರ್ಥ ಇಲ್ಲಿಂದ ಒಯ್ಯಲು ಅಲ್ಲಿ ಬಿಡುವುದಿಲ್ಲ. ಅದನ್ನು ಅವರಿಗೆ ಒಪ್ಪಿಸಲು ಅರ್ಧ ತಾಸು ಹಿಡಿಯಿತು.

ತೂಕ ಹಾಕಿದೆ, ನಿನ್ನದೇ ಏಳು ಕಿಲೋ. ನನ್ನ ಎರಡು ಸೀರೆ ತೆಗೆದಿಟ್ಟೆ, ಮುಂದಿನ ಸಲ ಒಯ್ಯುತ್ತೇನೆ.

ನಾನು 23ಕ್ಕೆ ಹೈದರಾಬಾದ್‌ನಿಂದ ಹೊರಡುತ್ತೇನೆ. 25ರ ರಾತ್ರಿ ಡ್ಯೂಟಿ ಇದೆ. (ಹೌದು, ಈಗಲೂ ಮಾಡುತ್ತೇನೆ, ಆ 60 ಈಗಲೂ ಸಿಹಿಯೇ. ಆದರೆ ಎಳ್ಳಮಾಸಿಗೆ ನನಗೆ ರಜೆ ಬಿಟ್ಟುಕೊಟ್ಟವಳು ಎರಡು ಮಕ್ಕಳ ತಾಯಿ, ಆ ರಾತ್ರಿ ಅವಳದ್ದಿತ್ತು.) 25ಕ್ಕೆ ಅಲ್ಲಿ ರೈಲೇ ಓಡುವುದಿಲ್ಲ, ದೊಡ್ಡ ಅಂಗಡಿಗಳೂ ಮುಚ್ಚಿರುತ್ತವೆ, 24ಕ್ಕೇ ಹಾಲು ಬ್ರೆಡ್ಡು ತಂದಿಟ್ಟುಕೋ. 27 ಶನಿವಾರ ಮಧ್ಯಾಹ್ನದ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ಗೆ ಬಾ, ಲೆಸ್ಟರ್‌ನಿಂದ ಒಂದು ತಾಸು. ರೂಮಿನ ಹುಡುಗರನ್ನೂ ಕರೆದುಕೊಂಡು ಬಾ. ಪುಂಡಿಪಲ್ಯ ಮಾಡಿರುತ್ತೇನೆ.

ಹೊರಡುವ ಮುಂಚೆ ತಾಯಿಗೆ ಫೋನ್ ಮಾಡಿ ಇನ್ನೇನಾದರೂ ಬೇಕು ಅಂತ ಒಂದು ಹೇಳು. ಹಪ್ಪಳ ಅನ್ನು, ಉಪ್ಪಿನಕಾಯಿ ಅನ್ನು. ಫೆಬ್ರವರಿಯಲ್ಲಿ ನಮ್ಮ ಪರಿಚಯದವರೊಬ್ಬರು ಬರುವವರಿದ್ದಾರೆ, ಅವರ ಕೈಯಲ್ಲಿ ತರಿಸೋಣ. ಸ್ಟೀಲ್ ಡಬ್ಬಿ ತೊಳೆದು ಇಟ್ಟುಕೋ, ಅದನ್ನು ಊರಿಗೆ ವಾಪಸ್ ಕಳಿಸಬೇಕು. ಖಾಲಿ ಕಳಿಸಬೇಡ, ಒಂದು ಹಿಡಿ ಸಕ್ಕರೆಯಾದರೂ ಹಾಕು.