ಮತ್ತೆ ಅದೇ ಪ್ರಸಂಗ ಯಾಕೆ?

ಕಾಸರಗೋಡಿನ ಬದಿಯಡ್ಕದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಅವರು ಕನ್ನಡ ಮಾಧ್ಯಮದಲ್ಲಿ ಕಲಿತವರು. ಹೈಸ್ಕೂಲಿನಲ್ಲಿದ್ದಾಗ ಯಾರೋ ಕೊಟ್ಟ ಹ್ಯಾರಿ ಪಾಟರ್ ಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದರಂತೆ. ಇಂಗ್ಲಿಷಿನ ಹೆದರಿಕೆ ಬಿಟ್ಟದ್ದು ಆಗಲೇ. ಈಗ ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒ ಆ ಏಳು ಪುಸ್ತಕಗಳನ್ನು ಟಿವಿ ಸರಣಿಯಾಗಿ ಮೊದಲಿನಿಂದ ಮಾಡುತ್ತಿರುವ ಸುದ್ದಿ ಅವರಿಗೆ ಬೇಸರ ತಂದಿದೆ. "ಎಂಟು ಸಿನಿಮಾ ಇವೆಯಲ್ಲ, ಮತ್ತೆ ಯಾಕೆ? ಸುಮ್ನೆ ದುಡ್ಡಿಗಾಗಿ ಅಲ್ವಾ? ಸ್ನೇಪ್ ಮೇಷ್ಟ್ರ ಪಾತ್ರಕ್ಕೆ ಪುಸ್ತಕದ ವರ್ಣನೆಗೆ ಹೊಂದದ ನಟನನ್ನು ಯಾಕೆ ತಂದರು? ನಮ್ಮ ಕಥೆಗಳಿಗೆ ಇಂಥ ಭಾಗ್ಯ ಯಾವಾಗ? ನನ್ನ ಹತ್ತು ವರ್ಷದ ಮಗಳಿಗೆ ಮೊದಲು ಪುಸ್ತಕ ಕೊಡಲೋ, ಸರಣಿ ಬರುವವರೆಗೆ ಕಾಯಲೋ?" ಎಂದು ಕೇಳಿದ್ದಾರೆ.

ದುಡ್ಡಿನ ಮಾತು ಮೊದಲು ಮುಗಿಸೋಣ. ನಿಮ್ಮ ಅನುಮಾನ ಸರಿಯೇ. 2023ರ ಏಪ್ರಿಲ್‌ನಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ ತನ್ನ ಸ್ಟ್ರೀಮಿಂಗ್ ಸೇವೆಯ ಹೊಸ ಹೆಸರನ್ನು ಪ್ರಕಟಿಸಿದ ದಿನವೇ ಈ ಸರಣಿಯನ್ನೂ ಪ್ರಕಟಿಸಿತು. ಚಂದಾದಾರರು ಬೇಕು, ಬಂದವರು ವರ್ಷಗಟ್ಟಲೆ ಉಳಿಯಬೇಕು. ಅದಕ್ಕೆ ಇಂಥ ಕಥೆ ಬೇಕೇ ಬೇಕು. ಆದರೆ 2001ರ ಮೊದಲ ಸಿನಿಮಾವನ್ನೂ ಯಾರೂ ಧರ್ಮಕ್ಕೆ ಮಾಡಲಿಲ್ಲ. ನಮ್ಮ ಯಕ್ಷಗಾನದ ಡೇರೆ ಮೇಳಗಳೂ ಟಿಕೇಟು ಮಾರಿಯೇ ಆಟ ಆಡಿದವು. ಆ ಆಟಗಳಲ್ಲಿ ಎಷ್ಟು ಒಳ್ಳೆಯ ರಾತ್ರಿಗಳಿದ್ದವು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ.

"ಮತ್ತೆ ಯಾಕೆ" ಎಂಬ ಪ್ರಶ್ನೆ ನಿಜವಾಗಿ ದೊಡ್ಡದು. ಆದರೆ ಬದಿಯಡ್ಕದಿಂದ ಈ ಪ್ರಶ್ನೆ ಬಂತಲ್ಲ ಎಂದು ನನಗೆ ಆಶ್ಚರ್ಯವಾಯಿತು. ನಿಮ್ಮ ನೆರೆಯ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ನಮಗೆ ಬಂದ ರಾಮಾಯಣ ಪ್ರಸಂಗಗಳನ್ನು ಎಷ್ಟು ತಲೆಮಾರಿನಿಂದ ಆಡುತ್ತಿದ್ದೇವೆ! ವಾಲಿ ಸಾಯುತ್ತಾನೆ ಎಂದು ಆಟದ ಬಯಲಲ್ಲಿ ಕಡಲೆ ಮಾರುವವನಿಗೂ ಗೊತ್ತು. ಆದರೂ ಬಾಣ ತಗಲಿದ ಮೇಲೆ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಉತ್ತರ ಕೊಡುತ್ತಾನೆ ಎಂದು ಕಾದು ಕೂರುತ್ತೇವೆ. ಭಾಗವತರು ಹಾಡುವ ಪದ ಅದೇ. ಆ ಪದಕ್ಕೆ ಮಾತು ಕಟ್ಟಿ ಅರ್ಥ ಹೇಳುವವರು ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇವತ್ತಿಗೂ ಅದನ್ನೇ ನೆನೆಯುತ್ತಾರೆ. ಹಾಗೆಂದು ಅವರ ನಂತರ ಯಾರೂ ವಾಲಿಯ ಅರ್ಥ ಹೇಳಬಾರದು ಎಂದು ಯಾರಾದರೂ ಹೇಳಿದರೇ?

ಹಾಗಾಗಿ ಮತ್ತೆ ಮಾಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹೊಸಬರ ಹತ್ತಿರ ಹೇಳಲು ಏನಾದರೂ ಉಳಿದಿದೆಯೇ ಎಂದು ಮಾತ್ರ ಕೇಳಬೇಕು. ಹ್ಯಾರಿ ಪಾಟರ್ ವಿಷಯದಲ್ಲಿ ಖಂಡಿತ ಉಳಿದಿದೆ. ಜಾಸ್ತಿಯೇ ಉಳಿದಿದೆ.

ಈಗೀಗ ನಮ್ಮಲ್ಲಿ ಕಾಲಮಿತಿ ಆಟ ಬಂದಿದೆ. ಬೆಳಗಿನವರೆಗೆ ನಡೆಯುತ್ತಿದ್ದದ್ದು ನಡುರಾತ್ರಿಗೆ ಮುಗಿಯಬೇಕು. ಕಥೆ ಉಳಿಯುತ್ತದೆ, ಯುದ್ಧ ಉಳಿಯುತ್ತದೆ. ಮೊದಲು ಕತ್ತರಿ ಬೀಳುವುದು ಸಣ್ಣ ಪಾತ್ರಗಳ ಮಾತಿಗೆ. ಆ ಸಿನಿಮಾಗಳಲ್ಲೂ ಆದದ್ದು ಇದೇ. ಎರಡನೆಯ ಪುಸ್ತಕ ತೆಳ್ಳಗಿನದು. ಅದರ ಸಿನಿಮಾ 2 ಗಂಟೆ 41 ನಿಮಿಷ, ಎಂಟರಲ್ಲೇ ಉದ್ದದ್ದು. ಐದನೆಯ ಪುಸ್ತಕ ಏಳರಲ್ಲೇ ದಪ್ಪದ್ದು. ಅದರ ಸಿನಿಮಾ 2 ಗಂಟೆ 18 ನಿಮಿಷಕ್ಕೆ ಮುಗಿಯಿತು. ನೀವು ಡಿಕ್ಷನರಿ ಹಿಡಿದು ಓದಿದ್ದರಲ್ಲಿ ಎಷ್ಟು ಪಾಲು ಎಲ್ಲಿ ಹೋಯಿತು ಎಂದು ಯೋಚಿಸಿ.

ಒಂದು ಜಾಗವನ್ನು ಮಾತ್ರ ನೆನಪಿಸುತ್ತೇನೆ. ಐದನೆಯ ಪುಸ್ತಕದ ಕ್ರಿಸ್‌ಮಸ್ ರಜೆ. ಸೇಂಟ್ ಮಂಗೋಸ್ ಆಸ್ಪತ್ರೆ. ಹ್ಯಾರಿ ಮತ್ತು ಗೆಳೆಯರು ಅಕಸ್ಮಾತ್ತಾಗಿ ಒಂದು ವಾರ್ಡಿಗೆ ಬರುತ್ತಾರೆ. ಅಲ್ಲಿ ನೆವಿಲ್ ಇದ್ದಾನೆ, ಅವನ ಅಜ್ಜಿ ಇದ್ದಾರೆ. ತರಗತಿಯಲ್ಲಿ ಎಲ್ಲರೂ ನಗುವ ಆ ಮರೆಗುಳಿ ಹುಡುಗನ ಅಪ್ಪ ಅಮ್ಮ ಚಿತ್ರಹಿಂಸೆಯಿಂದ ಬುದ್ಧಿ ಕಳೆದುಕೊಂಡು ವರ್ಷಗಳಿಂದ ಅಲ್ಲಿಯೇ ಇದ್ದಾರೆ. ಅಮ್ಮ ಮೆಲ್ಲಗೆ ಬಂದು ಮಗನ ಕೈಯಲ್ಲಿ ಏನೋ ಇಡುತ್ತಾಳೆ. ನೋಡಿದರೆ ಬಬಲ್‌ಗಮ್ಮಿನ ಖಾಲಿ ಕಾಗದ. ಅಜ್ಜಿ ಅದನ್ನು ಬುಟ್ಟಿಗೆ ಹಾಕು ಅನ್ನುತ್ತಾರೆ, ಇಂಥದ್ದು ಎಷ್ಟೋ ಕೊಟ್ಟಾಗಿದೆ ಎಂಬ ಧಾಟಿಯಲ್ಲಿ. ನೆವಿಲ್ ಅದನ್ನು ಜೇಬಿಗೆ ಇಳಿಸಿದ್ದನ್ನು ಹ್ಯಾರಿ ನೋಡುತ್ತಾನೆ. ಇಷ್ಟೇ. ಮಂತ್ರ ಇಲ್ಲ, ಯುದ್ಧ ಇಲ್ಲ. ಏಳು ಪುಸ್ತಕಗಳಲ್ಲಿ ನನಗೆ ಅತ್ಯಂತ ಹತ್ತಿರವಾದ ಜಾಗ ಇದು. ಕೊನೆಯ ಪುಸ್ತಕದಲ್ಲಿ ನೆವಿಲ್ ಕತ್ತಿ ಎತ್ತಿದಾಗ ನನಗೆ ಈ ಕಾಗದ ನೆನಪಾಯಿತು. ಸಿನಿಮಾದಲ್ಲಿ ನೆವಿಲ್ ಒಂದು ಫೋಟೋ ನೋಡುತ್ತ ಹ್ಯಾರಿಗೆ ಎರಡು ಮಾತು ಹೇಳುತ್ತಾನೆ. ಆಸ್ಪತ್ರೆ ಇಲ್ಲವೇ ಇಲ್ಲ.

ಮನೆಗೆಲಸದ ಕುಳ್ಳ ಜೀವಿ ಡಾಬಿಯ ಕಥೆಯೂ ಹಾಗೆಯೇ. ಪುಸ್ತಕಗಳಲ್ಲಿ ಅವನು ಮತ್ತೆ ಮತ್ತೆ ಬರುತ್ತಾನೆ, ಹಾಗ್‌ವಾರ್ಟ್ಸ್ ಎಂಬ ಮಾಯಾಶಾಲೆಯ ಅಡುಗೆಮನೆಯಲ್ಲಿ ಸಂಬಳಕ್ಕೆ ದುಡಿಯುತ್ತಾನೆ. ಸಿನಿಮಾದಲ್ಲಿ ಎರಡನೆಯ ಭಾಗದಲ್ಲಿ ಬಂದವನು ಮತ್ತೆ ಕಾಣುವುದು ಏಳನೆಯದರಲ್ಲಿ, ಸಾಯುವುದಕ್ಕೆ. ಅಳು ಬರುತ್ತದೆ ನಿಜ. ಪುಸ್ತಕ ಓದಿದವರಿಗೆ ಬಂದ ಅಳು ಅದಲ್ಲ. ಮೂರನೆಯ ಸಿನಿಮಾ ಆ ಮಾಯಾ ನಕ್ಷೆಯನ್ನು ಮಾಡಿದ್ದು ಯಾರು ಎಂದು ಹೇಳುವುದೂ ಇಲ್ಲ. ಹ್ಯಾರಿಯ ಅಪ್ಪನ ಕಥೆಯ ಬಾಗಿಲೇ ಅದು!

ಇನ್ನೊಂದು ಕಾರಣ ಇದಕ್ಕಿಂತಲೂ ದೊಡ್ಡದು. ಮೊದಲ ಸಿನಿಮಾ ಬಂದಾಗ ನಾಲ್ಕೇ ಪುಸ್ತಕ ಅಚ್ಚಾಗಿದ್ದವು. ಕೊನೆಯ ಪುಸ್ತಕ ಬಂದದ್ದು 2007ರ ಜುಲೈಯಲ್ಲಿ, ಐದನೆಯ ಸಿನಿಮಾ ಬಂದ ತಿಂಗಳಲ್ಲೇ. ಅಂದರೆ ಸಿನಿಮಾ ಮಾಡುತ್ತಿದ್ದವರಿಗೆ ಕಥೆಯ ಕೊನೆ ಓದಲು ಸಿಕ್ಕಿರಲಿಲ್ಲ. ಐದನೆಯ ಸಿನಿಮಾದ ಚಿತ್ರಕಥೆಯಿಂದ ಕ್ರೀಚರ್ ಎಂಬ ಮುದಿ ಮನೆಯಾಳನ್ನು ತೆಗೆದುಬಿಡಲು ಹೊರಟಿದ್ದರು. ಲೇಖಕಿ ರೌಲಿಂಗ್ ಎಚ್ಚರಿಸಿದ ಮೇಲೆ ಉಳಿಸಿಕೊಂಡರು. ಅವನು ಮುಂದೆ ಬೇಕಾಗುತ್ತಾನೆ ಎಂದು ಅವರಿಗೆ ಮಾತ್ರ ಗೊತ್ತಿತ್ತು. ಈಗ ಏಳೂ ಪುಸ್ತಕ ಮೇಜಿನ ಮೇಲಿವೆ. ಸ್ನೇಪ್ ಮೊದಲ ದಿನ ಹ್ಯಾರಿಯನ್ನು ನೋಡುವ ನೋಟದಲ್ಲಿ ಏನಿರಬೇಕು ಎಂದು ನಟನಿಗೂ ಗೊತ್ತು, ನಿರ್ದೇಶಕನಿಗೂ ಗೊತ್ತು, ಬರೆಯುವವರಿಗೂ ಗೊತ್ತು. ಪ್ರಸಂಗ ಪೂರ್ತಿ ಗೊತ್ತಿರುವ ಹಿಮ್ಮೇಳ ಮುಮ್ಮೇಳ ಇದ್ದರೆ ಆಟ ಹೇಗೆ ಏರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಸಿನಿಮಾ ಸೋತ ಮೇಲೆ ಟಿವಿಗೆ ಬಂದ ಕಥೆಗಳನ್ನೂ ನೋಡಿ. ರಿಕ್ ರಿಯೋರ್ಡನ್ ಅವರ ಪರ್ಸಿ ಜಾಕ್ಸನ್ 2010ರಲ್ಲಿ ಮತ್ತು 2013ರಲ್ಲಿ ಸಿನಿಮಾ ಆಯಿತು. ಪುಸ್ತಕದ 12 ವರ್ಷದ ಹುಡುಗ ತೆರೆಯ ಮೇಲೆ ಮೀಸೆ ಮೂಡುವ ಪ್ರಾಯದವನಾದ. ಲೇಖಕರಿಗೇ ಅದು ಹಿಡಿಸಲಿಲ್ಲ. 2023ರ ಡಿಸೆಂಬರಿನಲ್ಲಿ ಡಿಸ್ನಿ ಸರಣಿ ಶುರುವಾದಾಗ ಲೇಖಕರೂ ಜೊತೆಗಿದ್ದರು, ಹುಡುಗ ಮತ್ತೆ ಹುಡುಗನಾದ. ಫಿಲಿಪ್ ಪುಲ್‌ಮನ್ ಅವರ 'ಹಿಸ್ ಡಾರ್ಕ್ ಮೆಟೀರಿಯಲ್ಸ್' ಎಂಬ ಮೂರು ಪುಸ್ತಕಗಳ ಕಥೆಯೂ ಅಷ್ಟೇ. 2007ರ ಸಿನಿಮಾ ಮೊದಲ ಪುಸ್ತಕದ ಕೊನೆಯ ಅಧ್ಯಾಯಗಳನ್ನೇ ಬಿಟ್ಟುಬಿಟ್ಟಿತು, ಮುಂದಿನ ಭಾಗ ಬರಲೇ ಇಲ್ಲ. 2019ರಿಂದ 2022ರವರೆಗೆ ಬಂದ ಸರಣಿ ಮೂರು ಸೀಸನ್‌ಗಳಲ್ಲಿ ಮೂರೂ ಪುಸ್ತಕವನ್ನು ದಡ ಮುಟ್ಟಿಸಿತು.

ನನಗೂ ಭಯ ಇದೆ. ನಿಮ್ಮ ಭಯ ಬೇರೆ, ನನ್ನದು ಬೇರೆ. 30,000ಕ್ಕೂ ಹೆಚ್ಚು ಮಕ್ಕಳಲ್ಲಿ ಹುಡುಕಿ ಹ್ಯಾರಿ, ಹರ್ಮಯೊನಿ, ರಾನ್ ಪಾತ್ರಗಳಿಗೆ ಮೂವರನ್ನು ಆರಿಸಿದ್ದಾರೆ: ಡಾಮಿನಿಕ್ ಮೆಕ್‌ಲಾಫ್ಲಿನ್, ಅರಬೆಲ್ಲಾ ಸ್ಟ್ಯಾಂಟನ್, ಅಲಸ್ಟೇರ್ ಸ್ಟೌಟ್. 2025ರ ಜುಲೈಯಲ್ಲಿ ಚಿತ್ರೀಕರಣ ಶುರುವಾಯಿತು. ಮಕ್ಕಳು ಯಾರನ್ನೂ ಕಾಯದೆ ಬೆಳೆಯುತ್ತಾರೆ. ಹಳೆಯ ಎಂಟು ಸಿನಿಮಾ ಹತ್ತು ವರ್ಷದಲ್ಲಿ ಬಂದವು, ಹಾಗಾಗಿ ಹುಡುಗರು ಕಥೆಯ ಜೊತೆಗೇ ಬೆಳೆದರು. ಈಗಿನ ದೊಡ್ಡ ಸರಣಿಗಳಿಗೆ ಒಂದು ಸೀಸನ್‌ಗೆ ಎರಡು ವರ್ಷ ಬೇಕಾಗುತ್ತಿದೆ. ಸ್ಟ್ರೇಂಜರ್ ಥಿಂಗ್ಸ್ 2016ರಲ್ಲಿ ಶುರುವಾಗಿ ಐದು ಸೀಸನ್ ಮುಗಿಸಲು 2025 ಆಯಿತು. ಇಲ್ಲಿ ಪುಸ್ತಕಗಳೇ ಏಳು. ಮಧ್ಯದಲ್ಲಿ ನಿಂತರಂತೂ ಇನ್ನೂ ಕಷ್ಟ. ವ್ಹೀಲ್ ಆಫ್ ಟೈಮ್ 14 ಪುಸ್ತಕಗಳ ಕಥೆ. 2021ರಲ್ಲಿ ಅಮೆಜಾನ್ ಶುರು ಮಾಡಿತು, ಮೂರನೆಯ ಸೀಸನ್ ಆದ ಮೇಲೆ 2025ರಲ್ಲಿ ನಿಲ್ಲಿಸಿತು. ಆಟದ ಕೊನೆಯ ಮಂಗಳ ಹಾಡದೆ ಚೌಕಿಗೆ, ವೇಷ ಕಳಚುವ ಕೋಣೆಗೆ, ಹೋದ ಹಾಗೆ. ಹ್ಯಾರಿ ಪಾಟರ್‌ಗೆ ಹಾಗಾಗದಿರಲಿ.

ಸ್ನೇಪ್ ವಿಷಯ. ಆ ಪಾತ್ರಕ್ಕೆ ಆರಿಸಿದ ಪಾಪಾ ಎಸ್ಸೀಡು ಕಪ್ಪು ಜನಾಂಗದ ಬ್ರಿಟಿಷ್ ನಟ. ಪುಸ್ತಕದ ಸ್ನೇಪ್ ಬಿಳಿಚಿದ ಮುಖದವನು ಎಂಬುದು ನಿಜ. ಆದರೆ ಮೊದಲ ಪುಸ್ತಕದಲ್ಲಿ ಸ್ನೇಪ್‌ಗೆ ಬರೀ 31 ವರ್ಷ. ಹಳೆಯ ಸಿನಿಮಾಗಳಲ್ಲಿ ಆಲನ್ ರಿಕ್‌ಮನ್ ಆ ಪಾತ್ರ ಮಾಡಿದಾಗ 50 ದಾಟಿತ್ತು. ಆ ಅಂತರ ನಮಗೆ ಕಾಣಿಸಲೇ ಇಲ್ಲ, ಅವರ ದನಿ ಎಲ್ಲವನ್ನೂ ಮರೆಸಿತು. 1990ರಲ್ಲಿ ಹುಟ್ಟಿದ ಎಸ್ಸೀಡು ಪ್ರಾಯದಲ್ಲಿ ಪುಸ್ತಕಕ್ಕೆ ಹತ್ತಿರ ಇದ್ದಾರೆ. ನಮ್ಮ ಕೋಳ್ಯೂರು ರಾಮಚಂದ್ರ ರಾಯರು ಸ್ತ್ರೀವೇಷ ಹಾಕಿ ರಂಗಕ್ಕೆ ಬಂದರೆ, ಇವರು ಗಂಡಸು ಎಂಬುದು ಯಾರಿಗಾದರೂ ನೆನಪಿರುತ್ತಿತ್ತೇ? ನಟನನ್ನು ನೋಡುವ ಮೊದಲೇ ಬೇಡ ಅನ್ನುವುದು ನಮ್ಮ ನಾಡಿನವರಿಗೆ ಹೇಳಿಸಿದ್ದಲ್ಲ. ಒಂದು ಮಾತು ಒಪ್ಪುತ್ತೇನೆ. ಹುಡುಗ ಸ್ನೇಪ್‌ನನ್ನು ಹ್ಯಾರಿಯ ಅಪ್ಪನ ಗುಂಪು ಎಲ್ಲರ ಎದುರು ತಲೆಕೆಳಗಾಗಿ ನೇತುಹಾಕುವ ಸನ್ನಿವೇಶ ಇದೆಯಲ್ಲ, ಅದಕ್ಕೆ ಈಗ ಬೇರೆಯೇ ಭಾರ ಬರುತ್ತದೆ. ಬರೆಯುವವರು ಅದನ್ನು ಕಣ್ಣುಮುಚ್ಚಿ ದಾಟಿಸಬಾರದು.

ನಮ್ಮ ಕಥೆಗಳಿಗೆ ಯಾವಾಗ ಎಂದು ಕೇಳಿದ್ದೀರಿ. 90ರ ದಶಕದ ಶುರುವಿನಲ್ಲಿ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ 'ಗುಡ್ಡದ ಭೂತ' ನೋಡಿದವರು ಅದರ ಹಾಡನ್ನು ಇನ್ನೂ ಗುನುಗುತ್ತಾರೆ. ನಮ್ಮ ಕರಾವಳಿಯ ಗುಡ್ಡ, ಕತ್ತಲೆ, ಮನೆಗಳು ಟಿವಿಗೆ ಒಗ್ಗುತ್ತವೆ ಎಂದು ಅದು ಆಗಲೇ ತೋರಿಸಿದೆ. ತುಳುನಾಡಿನ ವೀರರಾದ ಕೋಟಿ ಚೆನ್ನಯರ ಪಾಡ್ದನದಲ್ಲಿ, ಅಂದರೆ ಬಾಯಿಂದ ಬಾಯಿಗೆ ಬಂದ ಹಾಡುಗತೆಯಲ್ಲಿ, ಹಲವು ಸೀಸನ್‌ಗಳ ಕಥೆ ಇದೆ. ಆದರೆ ಹ್ಯಾರಿ ಪಾಟರ್‌ಗೆ ಮೊದಲು ಪುಸ್ತಕ ಇತ್ತು, ಪುಸ್ತಕಕ್ಕೆ ಲಕ್ಷಾಂತರ ಮಕ್ಕಳಿದ್ದರು, ಟಿವಿ ಬಂದದ್ದು ಅವರ ಹಿಂದೆ. ಕನ್ನಡದಲ್ಲಿ ಮಕ್ಕಳಿಗೆ ಸಣ್ಣ ಕಥೆ, ಪದ್ಯ ಬೇಕಾದಷ್ಟಿವೆ. ಹತ್ತರಿಂದ ಹದಿನೈದರ ಪ್ರಾಯದವರು ಮುಂದಿನ ಭಾಗಕ್ಕೆ ಕಾದು ಕೂರುವಂಥ ದಪ್ಪ ಕಾದಂಬರಿ ಸರಣಿ ಬಹಳ ಕಡಿಮೆ. ನಿರ್ಮಾಪಕರನ್ನು ದೂರುವ ಮೊದಲು ನಾವು ಪತ್ರಿಕೆಯವರು, ಪ್ರಕಾಶಕರು ಆ ಕೆಲಸ ಮಾಡಬೇಕು. ಹಾಗೆ ಬರೆಯುವವರು ಇದ್ದರೆ ನಮಗೆ ಕಳುಹಿಸಲಿ. ಧಾರಾವಾಹಿಯಾಗಿ ಹಾಕಲು ಪುಟ ಕೊಡುತ್ತೇನೆ.

ಇನ್ನು ಮಗಳ ವಿಷಯ. ಪುಸ್ತಕ ಮೊದಲು ಕೊಡಿ, ಈಗಲೇ ಕೊಡಿ. ಸರಣಿ ನೋಡಿದ ಮೇಲೆ ಶಾಲೆಯ ಕಾಡು ಕಾಯುವ ದೈತ್ಯ ಹ್ಯಾಗ್ರಿಡ್ ಅಂದರೆ ಅವಳಿಗೆ ಆ ಪಾತ್ರದ ನಟ ನಿಕ್ ಫ್ರಾಸ್ಟ್ ಮುಖವೇ ಬರುತ್ತದೆ. ಅದಕ್ಕೆ ಮೊದಲು ಅವಳದೇ ಒಬ್ಬ ಹ್ಯಾಗ್ರಿಡ್ ಇರಲಿ. ಇಂಗ್ಲಿಷ್ ಅವಳಿಗೆ ಇನ್ನೂ ಕಷ್ಟ ಎಂದು ಬರೆದಿದ್ದೀರಿ. ನೀವೇ ಓದಿ ಹೇಳಿ. ರಾತ್ರಿ ಊಟ ಆದ ಮೇಲೆ ಎರಡು ಮೂರು ಪುಟ ಓದಿ, ನಿಮ್ಮ ಹವ್ಯಕ ಮಾತಿನಲ್ಲೇ ಅರ್ಥ ಹೇಳಿ. ಪುಸ್ತಕದಲ್ಲಿ ಹ್ಯಾಗ್ರಿಡ್ ಶಿಷ್ಟ ಇಂಗ್ಲಿಷ್ ಆಡುವುದೇ ಇಲ್ಲ, ಹಳ್ಳಿಯ ಮಾತೇ ಆಡುತ್ತಾನೆ. ಅವನಿಗೆ ನಿಮ್ಮ ಮನೆಮಾತು ಚೆನ್ನಾಗಿ ಹೊಂದುತ್ತದೆ. ಮಂತ್ರಗಳನ್ನು ಮಾತ್ರ ಹಾಗೆಯೇ ಓದಿ.

ಮೂರು ಪುಸ್ತಕ ಮುಗಿದ ಮೇಲೆ ಸ್ವಲ್ಪ ನಿಲ್ಲಿಸಿ. ನಾಲ್ಕನೆಯದರ ಕೊನೆಯಲ್ಲಿ ಸೆಡ್ರಿಕ್ ಎಂಬ ಒಳ್ಳೆಯ ಹುಡುಗ ಕಾರಣವೇ ಇಲ್ಲದೆ ಸಾಯುತ್ತಾನೆ. ಅಲ್ಲಿಂದ ಕಥೆಯ ಬಣ್ಣ ಬದಲಾಗುತ್ತದೆ. ಅವಳಿಗೆ ಹನ್ನೆರಡಾಗಲಿ. ಸರಣಿ ಅಷ್ಟರೊಳಗೆ ಬಂದಿದ್ದರೆ ಮೊದಲ ಸೀಸನ್ ಇಬ್ಬರೂ ಒಟ್ಟಿಗೆ ನೋಡಿ. ಯಾವುದು ಬಿಟ್ಟುಹೋಯಿತು, ಯಾವುದು ಹೊಸದಾಗಿ ಸೇರಿತು ಎಂದು ಅವಳೇ ಹೇಳಲಿ, ಆಮೇಲೆ ನಮಗೂ ಬರೆಯಲಿ. ಕನ್ನಡದಲ್ಲೇ ಬರೆಯಲು ಹೇಳಿ. ತಪ್ಪಿದ್ದರೆ ನಾವು ತಿದ್ದಿಕೊಳ್ಳುತ್ತೇವೆ.

— ಸಂಪಾದಕ